ಜೋನ್ ತಪ್ಪಿದಾಗ: ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳ ಡಿಸ್ಕ್ ಪರೀಕ್ಷೆಯಲ್ಲಿ ದೋಷ ಪತ್ತೆ

ಬೆಳಿಗ್ಗೆ ಇನ್‌ಕ್ಯುಬೇಟರಿನಿಂದ ತೆಗೆದ ಕಂಟ್ರೋಲ್ ಪ್ಲೇಟಿನಲ್ಲಿ (ಫಲಿತಾಂಶ ಮೊದಲೇ ಗೊತ್ತಿರುವ ತಳಿಯಿಂದ ಪರೀಕ್ಷೆಯನ್ನೇ ತಪಾಸಣೆ ಮಾಡುವ ಪ್ಲೇಟ್) ಇ. ಕೋಲೈ ಎಟಿಸಿಸಿ (ಅಮೆರಿಕದ ತಳಿ ಸಂಗ್ರಹ) 25922 ತಳಿಗೆ ಜೆಂಟಾಮೈಸಿನ್ ಜೋನ್, ಅಂದರೆ ಔಷಧಿಯ ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತದ ವ್ಯಾಸ, 16 ಮಿ.ಮೀ. ಬಂದಿದೆ. ಇರಬೇಕಾದದ್ದು 19ರಿಂದ 26. ಇಂಥ ಹೊತ್ತಿನಲ್ಲಿ ಬಹುತೇಕರು ಮಾಡುವುದು ಒಂದೇ ಕೆಲಸ: ಹೊಸ ಡಿಸ್ಕ್ ವಯಲ್ ಒಡೆದು ಮತ್ತೆ ಪ್ಲೇಟ್ ಹಾಕುವುದು. ದೋಷ ಡಿಸ್ಕಿನದೇ ಆಗಿದ್ದರೆ ಸರಿಹೋಗುತ್ತದೆ. ಇಲ್ಲವಾದರೆ ಮರುದಿನವೂ ಅದೇ 16. ಅಷ್ಟರಲ್ಲಿ ಐಸಿಯುನಲ್ಲಿರುವ ರೋಗಿಯ ವರದಿ ಇನ್ನೊಂದು ದಿನ ತಡವಾಗಿರುತ್ತದೆ.

ಹೊಸ ವಯಲ್‌ಗೆ ಕೈ ಹಾಕುವ ಮುಂಚೆ ಅದೇ ಪ್ಲೇಟಿನ ಉಳಿದ ಡಿಸ್ಕುಗಳನ್ನು ಓದಿ. ಯಾವ ಯಾವ ಔಷಧಿಗಳು ಒಟ್ಟಿಗೆ ತಪ್ಪಿವೆ, ಯಾವ ಕಡೆಗೆ ತಪ್ಪಿವೆ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಹುಡುಕಾಟ ಅರ್ಧ ಮುಗಿದಂತೆ. ಒಂದೊಂದು ದೋಷವೂ ತನ್ನದೇ ಆದ ಔಷಧಿಗಳ ಗುಂಪನ್ನು ಕೆಡಿಸುತ್ತದೆ. ಇನಾಕ್ಯುಲಮ್ (ಪ್ಲೇಟಿಗೆ ಹಚ್ಚುವ ಬ್ಯಾಕ್ಟೀರಿಯಾದ ಪ್ರಮಾಣ) ತಪ್ಪಿದರೆ ಎಲ್ಲವೂ ಒಂದೇ ದಿಕ್ಕಿಗೆ ಸರಿಯುತ್ತವೆ. ಪಿಎಚ್ ತಪ್ಪಿದರೆ ಕೆಲವು ಕುಗ್ಗುತ್ತವೆ, ಕೆಲವು ಹಿಗ್ಗುತ್ತವೆ. ಡಿಸ್ಕ್ ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದೇ ಔಷಧಿ ಕುಗ್ಗುತ್ತದೆ.

ಎಲ್ಲ ಜೋನ್‌ಗಳೂ ಒಂದೇ ಕಡೆ ಸರಿದಿದ್ದರೆ

ಎಲ್ಲವೂ ಚಿಕ್ಕದಾಗಿದ್ದರೆ ಮೊದಲ ಅನುಮಾನ ಇನಾಕ್ಯುಲಮ್ ಮೇಲೆ. 0.5 ಮ್ಯಾಕ್‌ಫಾರ್ಲೆಂಡ್ ಎಂಬ ಕಲಕಿನ ಅಳತೆಯೆಂದರೆ ಇ. ಕೋಲೈಗೆ ಮಿಲಿಲೀಟರಿಗೆ ಸುಮಾರು 1ರಿಂದ 2 × 10⁸ ಜೀವಕೋಶ. ಕಣ್ಣಂದಾಜಿನಲ್ಲಿ ಇದರ ಎರಡು ಪಟ್ಟಾಗುವುದು ಸುಲಭ. ಸ್ಟ್ಯಾಂಡರ್ಡ್ ಟ್ಯೂಬನ್ನು ಅಲುಗಾಡಿಸದೆ ಹೋಲಿಸಿದರೂ ತಪ್ಪು ಖಚಿತ, ಆದರೆ ಆಗ ಸಸ್ಪೆನ್ಷನ್ ತೆಳುವಾಗುತ್ತದೆ. ಬೇರಿಯಂ ಸಲ್ಫೇಟ್ ತಳಕ್ಕಿಳಿದಿರುತ್ತದೆ, ಮೇಲಿನ ದ್ರವ ತಿಳಿಯಾಗಿ ಕಾಣುತ್ತದೆ. ಸ್ಟ್ಯಾಂಡರ್ಡನ್ನು ಲ್ಯಾಬಿನಲ್ಲೇ ಮಾಡುವುದಾದರೆ 1.175% ಬೇರಿಯಂ ಕ್ಲೋರೈಡ್ ಡೈಹೈಡ್ರೇಟ್ ದ್ರಾವಣ 0.5 ಮಿ.ಲೀ.ಗೆ 1% ಸಲ್ಫ್ಯೂರಿಕ್ ಆಮ್ಲ 99.5 ಮಿ.ಲೀ. ಸೇರಿಸಿ, ಕಲಕುತ್ತಲೇ ಟ್ಯೂಬುಗಳಿಗೆ ಹಂಚಿ, ಬಿಗಿಯಾಗಿ ಮುಚ್ಚಿ ಕತ್ತಲಲ್ಲಿಡಿ. 625 ನ್ಯಾನೋಮೀಟರಿನಲ್ಲಿ 1 ಸೆಂ.ಮೀ. ಕ್ಯುವೆಟ್ಟಿನಲ್ಲಿ ಅದರ ಅಬ್ಸಾರ್ಬೆನ್ಸ್ 0.08ರಿಂದ 0.13ರ ಒಳಗೆ ಬರಬೇಕು. ತಿಂಗಳಿಗೊಮ್ಮೆ ಪರೀಕ್ಷಿಸಿ. ವೋರ್ಟೆಕ್ಸ್ ಮಾಡಿದ ಮೇಲೂ ಗಂಟುಗಂಟಾಗಿ ಕಂಡರೆ ಎಸೆದು ಹೊಸದು ಮಾಡಿ.

ಸಂಶಯ ಹಾಗೇ ಉಳಿದರೆ ಎಣಿಸಿಯೇ ನೋಡಬಹುದು. ಸಸ್ಪೆನ್ಷನ್ನನ್ನು 1:1,00,000ಕ್ಕೆ ತೆಳುಗೊಳಿಸಿ, ಅದರಲ್ಲಿ 100 ಮೈಕ್ರೋಲೀಟರ್ ಹರಡಿದರೆ ಮರುದಿನ 100ರಿಂದ 200 ಕಾಲೊನಿ ಬರಬೇಕು. 600 ಬಂದರೆ ಉತ್ತರ ಸಿಕ್ಕಿತು.

ಸ್ವಾಬನ್ನು ಅದ್ದಿದ ಮೇಲೆ ಟ್ಯೂಬಿನ ಗೋಡೆಗೆ, ದ್ರವಮಟ್ಟಕ್ಕಿಂತ ಮೇಲೆ, ಒತ್ತಿ ತಿರುಗಿಸಿ ಹೆಚ್ಚಿನ ದ್ರವ ಹಿಂಡಿದಿರಾ? ಹಿಂಡದಿದ್ದರೆ ಪ್ಲೇಟಿಗೆ ಬೀಳುವ ಜೀವಕೋಶಗಳೂ ಹೆಚ್ಚು, ಮೇಲ್ಮೈಯೂ ಒದ್ದೆ. ಇನ್ನೊಂದು ಕಾರಣ ಕಾಲ. ಇನಾಕ್ಯುಲಮ್ ಹಚ್ಚಿದ 15 ನಿಮಿಷದೊಳಗೆ ಡಿಸ್ಕ್, ಡಿಸ್ಕ್ ಹಾಕಿದ 15 ನಿಮಿಷದೊಳಗೆ ಇನ್‌ಕ್ಯುಬೇಟರ್. ಸಸ್ಪೆನ್ಷನ್ ಮಾಡಿ ಬಳಸುವುದಕ್ಕೂ ಅದೇ 15 ನಿಮಿಷ. ಮೂವತ್ತು ಪ್ಲೇಟಿಗೆ ಸ್ವಾಬ್ ಹಚ್ಚಿ ಮುಗಿಸಿ, ಆಮೇಲೆ ಮೊದಲಿನಿಂದ ಡಿಸ್ಕ್ ಇಡುತ್ತಾ ಹೋಗುವ ರೂಢಿ ಎಷ್ಟೋ ಕಡೆ ಇದೆ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಎಸಿ ಇಲ್ಲದ ಕೋಣೆಯ ಉಷ್ಣತೆಯೇ ಇನ್‌ಕ್ಯುಬೇಟರಿನ ಮಟ್ಟಕ್ಕೆ ಹೋಗಿರುತ್ತದೆ. ಅಲ್ಲಿ ಮೇಜಿನ ಮೇಲೆ ಕಾಯುವ ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಆಗಲೇ ಬೆಳೆಯಲು ಶುರುಮಾಡಿರುತ್ತದೆ, ಔಷಧಿ ಹರಡುವುದರೊಳಗೆ ಜೋನಿನ ಅಂಚು ನಿರ್ಧಾರವಾಗಿಬಿಡುತ್ತದೆ. ಐದೈದು ಪ್ಲೇಟಿನಂತೆ ಪೂರ್ತಿ ಮುಗಿಸಿ ಒಳಗಿಡುವುದು ಮೇಲು.

ಅಗಾರ್ ದಪ್ಪವಾಗಿದ್ದರೂ ಎಲ್ಲವೂ ಕುಗ್ಗುತ್ತವೆ. ಮ್ಯುಲ್ಲರ್-ಹಿಂಟನ್ ಅಗಾರಿನ ಆಳ 4 ಮಿ.ಮೀ. ಇರಬೇಕು. 90 ಮಿ.ಮೀ. ಪ್ಲೇಟಿಗೆ ಸುಮಾರು 25 ಮಿ.ಲೀ., 150 ಮಿ.ಮೀ. ಪ್ಲೇಟಿಗೆ 60ರಿಂದ 70 ಮಿ.ಲೀ. ಬ್ಯಾಚಿನ ಒಂದು ಪ್ಲೇಟನ್ನು ಬಲಿಕೊಟ್ಟು, ಅಗಾರನ್ನು ಅಡ್ಡಕ್ಕೆ ಕತ್ತರಿಸಿ ನಡುವೆ ಮತ್ತು ಎರಡೂ ಅಂಚಿನಲ್ಲಿ ಸ್ಕೇಲಿನಿಂದ ಅಳೆಯಿರಿ. ಒಂದು ಕಡೆ 3, ಇನ್ನೊಂದು ಕಡೆ 5 ಬಂದರೆ ಪ್ಲೇಟ್ ಸುರಿದ ಮೇಜು ಓರೆಯಾಗಿದೆ ಎಂದರ್ಥ. ಅಂಥ ಪ್ಲೇಟಿನಲ್ಲಿ ಒಂದೇ ಔಷಧಿ ಎಲ್ಲಿ ಇಟ್ಟಿದ್ದೀರಿ ಎಂಬುದರ ಮೇಲೆ ಬೇರೆ ಬೇರೆ ಜೋನ್ ಕೊಡುತ್ತದೆ.

ಎಲ್ಲವೂ ದೊಡ್ಡದಾಗಿದ್ದರೆ ಇವೇ ಕಾರಣಗಳನ್ನು ತಿರುಗಿಸಿ ನೋಡಿ: ತೆಳು ಇನಾಕ್ಯುಲಮ್, ತೆಳು ಅಗಾರ್, 33 ಡಿಗ್ರಿಗಿಂತ ತಣ್ಣಗಿನ ಇನ್‌ಕ್ಯುಬೇಟರ್. ಐದಕ್ಕಿಂತ ಹೆಚ್ಚು ಪ್ಲೇಟ್ ಪೇರಿಸಿದ್ದರೆ ನಡುವಿನವು ಕಾಯುವುದೇ ತಡ. ಲಾನ್ ಗಮನಿಸಿ. ಬೆಳವಣಿಗೆ ಹಾಸಿದಂತೆ ಒಂದಾಗಿರದೆ ಬಿಡಿ ಕಾಲೊನಿಗಳಾಗಿ ಕಂಡರೆ ಆ ಪ್ಲೇಟನ್ನು ಅಳೆಯಲೇಬೇಡಿ. ನನ್ನ ಮಟ್ಟಿಗೆ ದೊಡ್ಡದಾದ ಜೋನೇ ಹೆಚ್ಚು ಅಪಾಯದ್ದು. ಚಿಕ್ಕ ಜೋನ್ ರೋಗಿಯಿಂದ ಒಂದು ಒಳ್ಳೆಯ ಔಷಧಿಯನ್ನು ಕಿತ್ತುಕೊಳ್ಳಬಹುದು. ಸುಳ್ಳು ದೊಡ್ಡ ಜೋನ್ ಕೆಲಸ ಮಾಡದ ಔಷಧಿಯನ್ನು ಸೆಪ್ಸಿಸ್ ರೋಗಿಯ ರಕ್ತನಾಳಕ್ಕೆ ಹಾಕಿಸುತ್ತದೆ.

ಅಮಿನೋಗ್ಲೈಕೋಸೈಡ್‌ಗಳು ಮಾತ್ರ ತಪ್ಪಿದ್ದರೆ

ಇಲ್ಲಿ ಬ್ಯಾಕ್ಟೀರಿಯಾದ ರಚನೆ ಗೊತ್ತಿದ್ದರೆ ದೋಷ ತಾನಾಗಿ ಅರ್ಥವಾಗುತ್ತದೆ. ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಕ್ಕೆ ಎರಡು ಪೊರೆ. ಹೊರಪೊರೆಯ ಹೊರಮೈ ಲಿಪೋಪಾಲಿಸ್ಯಾಕರೈಡ್‌ನದು. ಆ ಅಣುಗಳ ಮೇಲಿನ ಋಣ ವಿದ್ಯುದಂಶಗಳನ್ನು ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಸೇತುವೆಯಂತೆ ಕಟ್ಟಿಹಾಕಿರುತ್ತವೆ. ಬೀಟಾ-ಲ್ಯಾಕ್ಟಮ್‌ಗಳಂಥ ಚಿಕ್ಕ ಅಣುಗಳು ಪೋರಿನ್ ಎಂಬ ರಂಧ್ರಗಳ ಮೂಲಕ ಒಳಹೋಗುತ್ತವೆ. ವ್ಯಾಂಕೊಮೈಸಿನ್‌ನಷ್ಟು ದೊಡ್ಡ ಅಣುವಿಗೆ ಆ ದಾರಿಯೇ ಇಲ್ಲ. ಅಮಿನೋಗ್ಲೈಕೋಸೈಡ್‌ಗಳಾದ ಜೆಂಟಾಮೈಸಿನ್, ಅಮಿಕಾಸಿನ್ ಧನ ವಿದ್ಯುದಂಶದ ಅಣುಗಳಾದ್ದರಿಂದ ಆ ಸೇತುವೆಯ ಅಯಾನುಗಳನ್ನು ತಳ್ಳಿ ತಾವೇ ದಾರಿ ಮಾಡಿಕೊಂಡು ನುಗ್ಗುತ್ತವೆ. ಮಾಧ್ಯಮದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಾದರೆ ಖಾಲಿಯಾದ ಜಾಗ ಮತ್ತೆ ತುಂಬಿಕೊಳ್ಳುತ್ತದೆ, ಔಷಧಿ ಹೊರಗುಳಿಯುತ್ತದೆ, ಜೋನ್ ಕುಗ್ಗುತ್ತದೆ. ಅಯಾನುಗಳು ಕಡಿಮೆಯಾದರೆ ಜೋನ್ ಹಿಗ್ಗಿ, ರೆಸಿಸ್ಟೆಂಟ್ ತಳಿಯೂ ಸೆನ್ಸಿಟಿವ್ ಆಗಿ ಕಾಣಬಹುದು.

ಇ. ಕೋಲೈಯಲ್ಲಿ ಇದು ಅಷ್ಟಾಗಿ ಎದ್ದು ಕಾಣುವುದಿಲ್ಲ, ಸ್ಯೂಡೋಮೊನಾಸ್ ಎರುಜಿನೋಸಾದಲ್ಲಿ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಅಯಾನುಗಳ ತಪಾಸಣೆಗೆ ಎಟಿಸಿಸಿ 27853 ತಳಿಯನ್ನೇ ಬಳಸಿ. ಅದಕ್ಕೆ ಜೆಂಟಾಮೈಸಿನ್ 10 ಮೈಕ್ರೋಗ್ರಾಂ ಡಿಸ್ಕಿನ ಜೋನ್ 17ರಿಂದ 23 ಮಿ.ಮೀ. ಇರಬೇಕು. ಸ್ಯೂಡೋಮೊನಾಸ್‌ಗೆ ಜೆಂಟಾಮೈಸಿನ್ ಬ್ರೇಕ್‌ಪಾಯಿಂಟನ್ನು (ಸೆನ್ಸಿಟಿವ್, ರೆಸಿಸ್ಟೆಂಟ್ ಬೇರ್ಪಡಿಸುವ ಮಿತಿ) ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ ಸಿಎಲ್‌ಎಸ್‌ಐ 2023ರಲ್ಲಿ ಕೈಬಿಟ್ಟಿದೆ. ಹಾಗಾಗಿ ಈ ಡಿಸ್ಕ್ ಇಲ್ಲಿ ಮಾಧ್ಯಮದ ತಪಾಸಣೆಗಷ್ಟೇ, ರೋಗಿಯ ವರದಿಗೆ ಬೇಡ. ದೋಷ ಖಚಿತವಾದರೆ ಪರಿಹಾರ ಒಂದೇ: ಮಾಧ್ಯಮದ ಲಾಟ್ ಬದಲಿಸುವುದು. ಜೊತೆಗೆ ಪುಡಿ ಕರಗಿಸಿದ ನೀರು ಎಲ್ಲಿಂದ ಬಂತು ವಿಚಾರಿಸಿ. ಡಿಸ್ಟಿಲೇಷನ್ ಘಟಕ ಕೆಟ್ಟಿದೆಯೆಂದು ಬೋರ್‌ವೆಲ್ ನೀರನ್ನು ಫಿಲ್ಟರ್ ಮಾಡಿ ಬಳಸಿದರೆ ಅದರ ಗಡಸುತನವೆಲ್ಲ ನೇರವಾಗಿ ಪ್ಲೇಟಿಗೆ ಬರುತ್ತದೆ.

ಅಮಿನೋಗ್ಲೈಕೋಸೈಡ್ ಕುಗ್ಗಿದ ಜೊತೆಗೆ ಟೆಟ್ರಾಸೈಕ್ಲಿನ್ ಹಿಗ್ಗಿದ್ದರೆ ಅಯಾನುಗಳನ್ನು ಬಿಟ್ಟು ಪಿಎಚ್ ನೋಡಿ. ಮಾಧ್ಯಮ ಹುಳಿಯತ್ತ ಸರಿದಾಗ ಅಮಿನೋಗ್ಲೈಕೋಸೈಡ್, ಸಿಪ್ರೊಫ್ಲಾಕ್ಸಾಸಿನ್ ಜೋನ್‌ಗಳು ಕುಗ್ಗುತ್ತವೆ, ಟೆಟ್ರಾಸೈಕ್ಲಿನ್ ಹಿಗ್ಗುತ್ತದೆ. ಕ್ಷಾರದತ್ತ ಸರಿದರೆ ಇದೆಲ್ಲ ತಿರುವುಮುರುವು. ಅಯಾನು ಹೆಚ್ಚಾದಾಗಲಾದರೆ ಟೆಟ್ರಾಸೈಕ್ಲಿನ್ ಕೂಡ ಕುಗ್ಗುತ್ತದೆ, ಏಕೆಂದರೆ ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಕಟ್ಟಿಕೊಳ್ಳುವ ಅಣು. ಹೀಗೆ ಕಂಟ್ರೋಲ್ ಪ್ಲೇಟಿನಲ್ಲಿ ಒಂದು ಟೆಟ್ರಾಸೈಕ್ಲಿನ್ ಡಿಸ್ಕ್ ಇದ್ದರೆ ಎರಡು ದೋಷಗಳನ್ನು ಬೇರ್ಪಡಿಸಬಹುದು. ವರದಿಯಲ್ಲಿ ಕೇಳದಿದ್ದರೂ ಅದನ್ನು ಇಡಿ. ಎಟಿಸಿಸಿ 25922ಕ್ಕೆ ಅದರ ವ್ಯಾಪ್ತಿ 18ರಿಂದ 25 ಮಿ.ಮೀ.

ಪಿಎಚ್ 7.2ರಿಂದ 7.4ರ ನಡುವೆ ಇರಬೇಕು, ಅಳೆಯಬೇಕಾದದ್ದು ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾದ ಮೇಲೆ. ಬಿಸಿ ಅಗಾರಿಗೆ ಎಲೆಕ್ಟ್ರೋಡ್ ಅದ್ದಿ ಬಂದ ಅಂಕಿಯನ್ನು ನಂಬಬೇಡಿ. ಗಟ್ಟಿಯಾದ ಅಗಾರಿನ ಸ್ವಲ್ಪ ಭಾಗವನ್ನು ಡಿಸ್ಟಿಲ್ಡ್ ನೀರಿನಲ್ಲಿ ಅರೆದು ಎಲೆಕ್ಟ್ರೋಡ್ ಅದರೊಳಗೆ ಮುಳುಗಿಸಿ ಓದಿ. ಮೈಕ್ರೋವೇವಿನಲ್ಲಿ ಉಳಿದ ಅಗಾರನ್ನು ಮತ್ತೆ ಮತ್ತೆ ಕರಗಿಸುವುದು ಪಿಎಚ್ ಕೆಡಲು ಸಾಮಾನ್ಯ ಕಾರಣ. ಪಿಎಚ್ ಸರಿಯಿದ್ದೂ ಗುಂಪು ಹೀಗೇ ತಪ್ಪಿದರೆ ಇನ್‌ಕ್ಯುಬೇಟರಿನ ಗಾಳಿಯನ್ನು ನೋಡಿ. ಬ್ಲಡ್ ಅಗಾರಿಗೆಂದು ಕಾರ್ಬನ್ ಡೈಆಕ್ಸೈಡ್ ಹಾಕಿದ ಇನ್‌ಕ್ಯುಬೇಟರಿಗೇ ಈ ಪ್ಲೇಟುಗಳೂ ಹೋಗಿವೆಯೇ? ಅನಿಲ ಅಗಾರಿನ ಮೈಗೆ ಕರಗಿ ಹುಳಿಯಾಗಿಸುತ್ತದೆ. ಗ್ರಾಂ-ನೆಗೆಟಿವ್ ದಂಡಾಣುಗಳಿಗೆ ಸಾದಾ ಗಾಳಿ, 35 ± 2 ಡಿಗ್ರಿ, 16ರಿಂದ 18 ಗಂಟೆ.

ಒಂದು ಬೀಟಾ-ಲ್ಯಾಕ್ಟಮ್ ಮಾತ್ರ ಕುಗ್ಗಿದ್ದರೆ

ಇದು ಬಹುಮಟ್ಟಿಗೆ ಡಿಸ್ಕಿನದೇ ದೋಷ. ಬೀಟಾ-ಲ್ಯಾಕ್ಟಮ್ ಉಂಗುರಕ್ಕೆ ನೀರೇ ಶತ್ರು. ಫ್ರೀಜರಿನಿಂದ ತೆಗೆದ ಕಾರ್ಟ್ರಿಜ್ಜನ್ನು ತಣ್ಣಗಿರುವಾಗಲೇ ತೆರೆದರೆ ಗಾಳಿಯ ತೇವ ಡಿಸ್ಕುಗಳ ಮೇಲೆ ಇಬ್ಬನಿಯಾಗಿ ಕೂರುತ್ತದೆ, ಉಂಗುರ ಒಡೆಯತೊಡಗುತ್ತದೆ. ಮಂಗಳೂರು, ಉಡುಪಿಯ ಜುಲೈ ತೇವದಲ್ಲಿ ಇದು ಇನ್ನೂ ಬೇಗ. ತೆರೆಯುವ ಮುಂಚೆ ಒಂದರಿಂದ ಎರಡು ಗಂಟೆ ಕೋಣೆಯ ಉಷ್ಣತೆಗೆ ಬರಲು ಬಿಡಿ. ಸಂಗ್ರಹಕ್ಕೆ ಮೈನಸ್ 14 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿನ, ತಾನಾಗಿ ಮಂಜು ಕರಗಿಸಿಕೊಳ್ಳದ ಫ್ರೀಜರ್ ಬೇಕು. ಆ ವಾರಕ್ಕೆ ಬೇಕಾದಷ್ಟನ್ನು ಮಾತ್ರ 8 ಡಿಗ್ರಿಯೊಳಗಿನ ಫ್ರಿಜ್ಜಿನಲ್ಲಿಡಿ. ಇಮಿಪೆನಮ್ ಮತ್ತು ಕ್ಲಾವುಲನೇಟ್ ಇರುವ ಡಿಸ್ಕುಗಳು ಎಲ್ಲಕ್ಕಿಂತ ಸೂಕ್ಷ್ಮ, ಅವನ್ನು ಬಳಸುವ ದಿನದವರೆಗೂ ಫ್ರೀಜರಿನಲ್ಲೇ ಇಡಿ. ಡಿಸ್ಪೆನ್ಸರಿನ ತಳದ ಸಿಲಿಕಾ ಜೆಲ್ ಬಣ್ಣ ಬದಲಿಸಿದೆಯೇ ಎಂದು ವಾರಕ್ಕೊಮ್ಮೆ ನೋಡುವುದು ಎರಡು ಸೆಕೆಂಡಿನ ಕೆಲಸ.

ಕರೆಂಟ್ ಹೋಗಿ ಬಂದ ಮೇಲೆ ಫ್ರೀಜರಿನ ಪ್ರದರ್ಶಕ ಮೈನಸ್ 20 ತೋರಿಸುತ್ತಿದ್ದರೆ ರಾತ್ರಿ ಏನಾಗಿತ್ತು ಎಂಬುದು ಅದರಿಂದ ತಿಳಿಯುವುದಿಲ್ಲ. ಗರಿಷ್ಠ-ಕನಿಷ್ಠ ದಾಖಲಿಸುವ ಥರ್ಮಾಮೀಟರ್ ಒಂದನ್ನು ಒಳಗಿಡಿ. ಜಿಲ್ಲಾ ಮಟ್ಟದ ಲ್ಯಾಬಿಗೆ ಇದಕ್ಕಿಂತ ಕಡಿಮೆ ಖರ್ಚಿನ ರಕ್ಷಣೆ ಇನ್ನೊಂದಿಲ್ಲ.

ಕ್ಲಾವುಲನೇಟಿನ ಕೆಲಸ ಬೀಟಾ-ಲ್ಯಾಕ್ಟಮ್ ಒಡೆಯುವ ಕಿಣ್ವವನ್ನು (ಬೀಟಾ-ಲ್ಯಾಕ್ಟಮೇಸ್) ತಡೆಯುವುದು. ಅದರ ವಿಷಯದಲ್ಲಿ ಒಂದು ಬಲೆ ಇದೆ. ಎಟಿಸಿಸಿ 25922 ಬೀಟಾ-ಲ್ಯಾಕ್ಟಮೇಸ್ ಮಾಡುವುದೇ ಇಲ್ಲ. ಆದ್ದರಿಂದ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಡಿಸ್ಕಿನಲ್ಲಿ ಕ್ಲಾವುಲನೇಟ್ ಪೂರ್ತಿ ಸತ್ತಿದ್ದರೂ ಅಮಾಕ್ಸಿಸಿಲಿನ್ ಒಂದೇ ಅದನ್ನು ಕೊಂದು ಸರಿಯಾದ ಜೋನ್ ಕೊಡುತ್ತದೆ. ಕಂಟ್ರೋಲ್ ಪಾಸಾಯಿತು ಎಂದುಕೊಳ್ಳುತ್ತೇವೆ, ರೋಗಿಗಳ ತಳಿಗಳೆಲ್ಲ ರೆಸಿಸ್ಟೆಂಟ್ ಎಂದು ಬರುತ್ತವೆ. ಇಂಥ ಜೋಡಿ ಡಿಸ್ಕುಗಳಿಗೆ ಟೆಮ್-1 ಕಿಣ್ವ ಮಾಡುವ ಇ. ಕೋಲೈ ಎಟಿಸಿಸಿ 35218 ಬೇಕೇ ಬೇಕು. ಅದಕ್ಕೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ವ್ಯಾಪ್ತಿ 17ರಿಂದ 22 ಮಿ.ಮೀ. ಆದರೆ ಈ ತಳಿಯ ಕಿಣ್ವದ ಜೀನ್ ಪ್ಲಾಸ್ಮಿಡ್ (ಕ್ರೋಮೋಸೋಮಿನ ಹೊರಗಿನ ಡಿಎನ್‌ಎ ತುಣುಕು) ಮೇಲಿದೆ, ಮತ್ತೆ ಮತ್ತೆ ಸಬ್‌ಕಲ್ಚರ್ ಮಾಡಿದರೆ ಕಳೆದುಹೋಗಬಹುದು. ಅದಕ್ಕೇ ಪಕ್ಕದಲ್ಲಿ ಒಂದು ಆಂಪಿಸಿಲಿನ್ ಡಿಸ್ಕ್ ಇಡಿ. ಅಲ್ಲಿ ಜೋನ್ 6 ಮಿ.ಮೀ., ಅಂದರೆ ಡಿಸ್ಕಿನಷ್ಟೇ ಇರಬೇಕು. ಜೋನ್ ತೆರೆದುಕೊಂಡರೆ ಪ್ಲಾಸ್ಮಿಡ್ ಹೋಗಿದೆ. ಇಎಸ್‌ಬಿಎಲ್ (ಮೂರನೇ ತಲೆಮಾರಿನ ಸೆಫಲೋಸ್ಪೋರಿನ್‌ಗಳನ್ನೂ ಒಡೆಯುವ ಬೀಟಾ-ಲ್ಯಾಕ್ಟಮೇಸ್) ಕಂಟ್ರೋಲ್ ಆದ ಕ್ಲೆಬ್ಸಿಯೆಲ್ಲಾ ಎಟಿಸಿಸಿ 700603ಕ್ಕೂ ಇದೇ ತೊಂದರೆ ಇದೆ. ಮೂಲ ಸ್ಟಾಕನ್ನು ಮೈನಸ್ 60 ಅಥವಾ ಅದಕ್ಕಿಂತ ಕೆಳಗೆ ಇಟ್ಟು, ಕೆಲಸದ ಸ್ಲ್ಯಾಂಟನ್ನು ತಿಂಗಳಿಗೊಮ್ಮೆ ಅದರಿಂದಲೇ ಹೊಸದಾಗಿ ಮಾಡಿ. ಸ್ಲ್ಯಾಂಟಿನಿಂದ ಸ್ಲ್ಯಾಂಟಿಗೆ ವರ್ಷಗಟ್ಟಲೆ ಎಳೆಯುವ ಪದ್ಧತಿ ನಿಲ್ಲಬೇಕು.

ಕೋಟ್ರೈಮಾಕ್ಸಜೋಲ್ ಮಾತ್ರ ಮಸುಕಾಗಿ ಕಂಡರೆ ಮಾಧ್ಯಮದಲ್ಲಿ ಥೈಮಿಡಿನ್ ಹೆಚ್ಚಿದೆ. ಎಂಟರೋಕಾಕಸ್ ಫೀಕಾಲಿಸ್ ಎಟಿಸಿಸಿ 29212 ಹಾಕಿ ನೋಡಿ. 20 ಮಿ.ಮೀ. ಅಥವಾ ಹೆಚ್ಚಿನ ಸ್ವಚ್ಛ ಜೋನ್ ಬರದಿದ್ದರೆ ಆ ಲಾಟ್ ವಾಪಸ್ ಕಳಿಸಿ. ಇಮಿಪೆನಮ್, ಮೆರೊಪೆನಮ್‌ನಂಥ ಕಾರ್ಬಪೆನಮ್‌ಗಳು ಒಟ್ಟಾಗಿ ಕುಗ್ಗಿದ್ದು ಉಳಿದವು ಸರಿಯಿದ್ದರೆ ಸತು ಹೆಚ್ಚಾಗಿರುವ ಸಾಧ್ಯತೆಯೂ ಇದೆ.

ಕಂಟ್ರೋಲ್ ಸರಿ, ರೋಗಿಯ ತಳಿ ವಿಚಿತ್ರ

ಇಲ್ಲಿ ಪರೀಕ್ಷೆಯ ವಿಧಾನಕ್ಕಿಂತ ಜೀವಿಯ ಗುರುತಿನ ಮೇಲೆ ಅನುಮಾನಪಡಬೇಕು. ಕೆಲವು ಬ್ಯಾಕ್ಟೀರಿಯಾಗಳು ಹುಟ್ಟಿನಿಂದಲೇ ಕೆಲವು ಔಷಧಿಗಳಿಗೆ ಬಗ್ಗುವುದಿಲ್ಲ. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಆಂಪಿಸಿಲಿನ್‌ಗೆ ಬಗ್ಗದು. ಪ್ರೋಟಿಯಸ್ ಮಿರಾಬಿಲಿಸ್ ಟೆಟ್ರಾಸೈಕ್ಲಿನ್, ನೈಟ್ರೋಫ್ಯುರಾಂಟೊಯಿನ್, ಕೊಲಿಸ್ಟಿನ್ ಮೂರಕ್ಕೂ ಬಗ್ಗದು. ಸೆರೇಶಿಯಾ, ಮಾರ್ಗನೆಲ್ಲಾ, ಪ್ರಾವಿಡೆನ್ಸಿಯಾ, ಬರ್ಖೋಲ್ಡೇರಿಯಾಗಳಿಗೆ ಕೊಲಿಸ್ಟಿನ್ ತಾಗದು. ಸ್ಟೆನೋಟ್ರೋಫೊಮೊನಾಸ್ ಮಾಲ್ಟೋಫಿಲಿಯಾಕ್ಕೆ ಕಾರ್ಬಪೆನಮ್‌ಗಳೇ ತಾಗವು. ವರದಿಯಲ್ಲಿ “ಕ್ಲೆಬ್ಸಿಯೆಲ್ಲಾ, ಆಂಪಿಸಿಲಿನ್ ಸೆನ್ಸಿಟಿವ್” ಎಂದು ಬಂದರೆ ಮೊದಲು ಗುರುತನ್ನು ಮರುಪರೀಕ್ಷಿಸಿ, ಬಳಿಕ ಇನಾಕ್ಯುಲಮ್ ತೆಳುವಾಗಿತ್ತೇ ನೋಡಿ. ಸ್ಯೂಡೋಮೊನಾಸ್ ಎಂದು ಗುರುತಿಸಿದ ತಳಿ ಸೆಫ್ಟ್ರಿಯಾಕ್ಸೋನ್, ಕೋಟ್ರೈಮಾಕ್ಸಜೋಲ್ ಎರಡಕ್ಕೂ ದೊಡ್ಡ ಜೋನ್ ಕೊಟ್ಟರೂ ಇದೇ ಕ್ರಮ.

ಪ್ರತಿ ಸಸ್ಪೆನ್ಷನ್ನಿನಿಂದಲೂ ಒಂದು ಲೂಪ್ ತೆಗೆದು ಬ್ಲಡ್ ಅಗಾರಿನ ಶುದ್ಧತಾ ಪ್ಲೇಟಿಗೆ ಎಳೆಯುವ ರೂಢಿ ಇದ್ದರೆ ಅರ್ಧಕ್ಕರ್ಧ ಗೊಂದಲ ಬೆಳಿಗ್ಗೆಯೇ ಬಗೆಹರಿಯುತ್ತದೆ. ಮ್ಯಾಕಾಂಕಿ ಪ್ಲೇಟಿನ ಒಂದೇ ಕಾಲೊನಿಯಂತೆ ಕಂಡದ್ದರ ಅಡಿಯಲ್ಲಿ ಇನ್ನೊಂದು ಜೀವಿ ಅವಿತಿರುವುದು ಅಪರೂಪವೇನಲ್ಲ.

ಗ್ರಾಂ ಬಣ್ಣವೇ ಹಾದಿ ತಪ್ಪಿಸುವುದೂ ಉಂಟು. ಅಸಿನೆಟೋಬ್ಯಾಕ್ಟರ್ ಕ್ರಿಸ್ಟಲ್ ವಯಲೆಟನ್ನು ಸುಲಭಕ್ಕೆ ಬಿಡುವುದಿಲ್ಲ, ಗುಂಡಗೆ ನೇರಳೆಯಾಗಿ ಕಂಡು ಕಾಕಸ್ ಎಂದು ದಾಖಲಾಗುತ್ತದೆ. ಸ್ಲೈಡಿನ ಮೇಲೆ 3% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿಗೆ ಕಾಲೊನಿ ಬೆರೆಸಿ ಲೂಪ್ ಮೇಲೆತ್ತಿ. ಒಂದು ನಿಮಿಷದೊಳಗೆ ಅಂಟಿನ ಎಳೆ ಎದ್ದರೆ ಗ್ರಾಂ-ನೆಗೆಟಿವ್. ತೆಳುವಾದ ಗೋಡೆ ಒಡೆದು ಡಿಎನ್‌ಎ ಹೊರಬಂದದ್ದೇ ಆ ಎಳೆ. ಅಸಿನೆಟೋಬ್ಯಾಕ್ಟರ್ ಪ್ಲೇಟನ್ನು 16 ಗಂಟೆಗೆ ಓದಬೇಡಿ, 20ರಿಂದ 24 ಗಂಟೆ ಬಿಡಿ.

ವಿಚಿತ್ರವಾಗಿ ಕಂಡರೂ ನಿಜವಾಗಿರುವ ಮಾದರಿಗಳನ್ನೂ ತಿಳಿದಿರಬೇಕು, ಇಲ್ಲದಿದ್ದರೆ ಸರಿಯಾದ ಫಲಿತಾಂಶವನ್ನೇ ದೋಷವೆಂದು ಅಳಿಸಿಬಿಡುತ್ತೇವೆ. ಸ್ಯೂಡೋಮೊನಾಸ್‌ನಲ್ಲಿ ಇಮಿಪೆನಮ್ ರೆಸಿಸ್ಟೆಂಟ್, ಮೆರೊಪೆನಮ್ ಸೆನ್ಸಿಟಿವ್ ಬರಬಹುದು: ಇಮಿಪೆನಮ್ ಒಳಬರುವ ಓಪಿಆರ್‌ಡಿ ಪೋರಿನ್ ಕಳೆದುಕೊಂಡ ತಳಿಗಳು ಹೀಗಿರುತ್ತವೆ. ಪ್ರೋಟಿಯಸ್, ಮಾರ್ಗನೆಲ್ಲಾಗಳಲ್ಲೂ ಕಾರ್ಬಪೆನಮ್ ಒಡೆಯುವ ಕಿಣ್ವ (ಕಾರ್ಬಪೆನಮೇಸ್) ಇಲ್ಲದೆಯೇ ಇಮಿಪೆನಮ್ ಜೋನ್ ಚಿಕ್ಕದಿರಬಹುದು. ಕಾರ್ಬಪೆನಮ್ ಕುಗ್ಗಿ ಸೆಫ್ಟಾಜಿಡೈಮ್ ದೊಡ್ಡದಾಗಿ ಉಳಿದರೆ ಆಕ್ಸಾ-48 ಮಾದರಿಯ ಕಿಣ್ವ ಇರಬಹುದು, ಅದು ಮೂರನೇ ತಲೆಮಾರಿನ ಸೆಫಲೋಸ್ಪೋರಿನ್‌ಗಳನ್ನು ಸರಿಯಾಗಿ ಒಡೆಯಲಾರದು.

ಎಂಟರೋಬ್ಯಾಕ್ಟರ್ ಕ್ಲೋಯಾಸೆ ವಿಷಯದಲ್ಲಿ ವೈದ್ಯರಿಂದ ಫೋನ್ ಬರುವುದು ಸಾಮಾನ್ಯ: “ಮೊನ್ನೆ ಸೆಫ್ಟ್ರಿಯಾಕ್ಸೋನ್ ಸೆನ್ಸಿಟಿವ್ ಅಂದ್ರಿ, ಇವತ್ತು ರೆಸಿಸ್ಟೆಂಟ್ ಅಂತೀರಿ.” ಮೊದಲ ಪ್ಲೇಟ್ ತಪ್ಪಾಗಿರಬೇಕಿಲ್ಲ. ಈ ಜೀವಿಯ ಕ್ರೋಮೋಸೋಮಿನಲ್ಲೇ ಆಂಪ್‌ಸಿ ಕಿಣ್ವದ ಜೀನ್ ಇದೆ, ಸಾಮಾನ್ಯವಾಗಿ ಅದು ಹತೋಟಿಯಲ್ಲಿರುತ್ತದೆ. ಕೋಟಿಗಟ್ಟಲೆ ಜೀವಕೋಶಗಳಲ್ಲಿ ಒಂದೆರಡರಲ್ಲಿ ಆ ಹತೋಟಿ ಮ್ಯುಟೇಷನ್‌ನಿಂದ ಮುರಿದಿರುತ್ತದೆ. ಸೆಫ್ಟ್ರಿಯಾಕ್ಸೋನ್ ಕೊಟ್ಟಾಗ ಉಳಿದವು ಸತ್ತು ಅವು ಮಾತ್ರ ಬೆಳೆಯುತ್ತವೆ, ಮೂರು ನಾಲ್ಕು ದಿನದಲ್ಲಿ ಇಡೀ ಸೋಂಕು ಅವುಗಳದ್ದೇ ಆಗುತ್ತದೆ. ಮೊದಲ ಪ್ಲೇಟನ್ನು ತೆಗೆದು ನೋಡಿದರೆ ಸೆಫಲೋಸ್ಪೋರಿನ್ ಜೋನಿನ ಒಳಗೆ ಒಂದೆರಡು ಬಿಡಿ ಕಾಲೊನಿ ಕಾಣಬಹುದು. ಅಥವಾ ಇಮಿಪೆನಮ್ ಡಿಸ್ಕಿನ ಕಡೆಗೆ ಮುಖ ಮಾಡಿದ ಸೆಫ್ಟಾಜಿಡೈಮ್ ಜೋನಿನ ಅಂಚು ಚಪ್ಪಟೆಯಾಗಿರಬಹುದು. ಇಮಿಪೆನಮ್ ಆ ಕಿಣ್ವವನ್ನು ಎಬ್ಬಿಸಿದ ಗುರುತು ಅದು.

ಓದುವಾಗ ಪ್ಲೇಟನ್ನು ಕಪ್ಪು ಹಿನ್ನೆಲೆಯ ಮೇಲೆ ಹಿಡಿದು ಹಿಂಬದಿಯಿಂದ ಅಳೆಯಿರಿ. ಜೋನಿನೊಳಗಿನ ಬಿಡಿ ಕಾಲೊನಿಗಳನ್ನು ನಿರ್ಲಕ್ಷಿಸಬೇಡಿ, ಅವನ್ನು ತೆಗೆದು ಗುರುತಿಸಿ ಮತ್ತೆ ಪರೀಕ್ಷೆ ಹಾಕಿ. ವಿನಾಯಿತಿ ಎರಡು: ಪ್ರೋಟಿಯಸ್ ಹರಡಿದ ತೆಳು ಪರದೆ, ಮತ್ತು ಕೋಟ್ರೈಮಾಕ್ಸಜೋಲ್ ಅಂಚಿನಲ್ಲಿ ಲಾನಿನ 20%ಕ್ಕಿಂತ ಕಡಿಮೆ ಇರುವ ಮಸುಕು ಬೆಳವಣಿಗೆ. ಲೋಳೆ ತುಂಬಿದ ಕ್ಲೆಬ್ಸಿಯೆಲ್ಲಾ ಮತ್ತು ಸ್ಯೂಡೋಮೊನಾಸ್ ತಳಿಗಳಲ್ಲಿ ಲೋಳೆಯೇ ಕಲಕು ಕೊಟ್ಟು ಮ್ಯಾಕ್‌ಫಾರ್ಲೆಂಡ್ ಹೋಲಿಕೆಯನ್ನು ತಪ್ಪಿಸುತ್ತದೆ. ಚೆನ್ನಾಗಿ ವೋರ್ಟೆಕ್ಸ್ ಮಾಡಿ, ಗಂಟು ಇಳಿಯಲು ಬಿಟ್ಟು ಮೇಲಿನ ಭಾಗವನ್ನು ಬಳಸಿ, ಲಾನ್ ದಟ್ಟವಾಗಿದೆಯೇ ಎಂದು ಮರುದಿನ ಖಾತ್ರಿಪಡಿಸಿಕೊಳ್ಳಿ.

ಅಳತೆ ಸರಿ, ಪಟ್ಟಿ ತಪ್ಪು

ಗೋಡೆಗೆ ಅಂಟಿಸಿದ ಹಳದಿಯಾದ ಚಾರ್ಟ್ ಎಷ್ಟು ಹಾನಿ ಮಾಡಬಲ್ಲದು ಎಂಬುದಕ್ಕೆ ಮೆರೊಪೆನಮ್ ಸಾಕು. 2010ಕ್ಕೆ ಮುಂಚೆ ಇ. ಕೋಲೈ, ಕ್ಲೆಬ್ಸಿಯೆಲ್ಲಾ ಬಳಗಕ್ಕೆ ಸಿಎಲ್‌ಎಸ್‌ಐ ಪಟ್ಟಿಯಲ್ಲಿ 16 ಮಿ.ಮೀ. ಬಂದರೆ ಸೆನ್ಸಿಟಿವ್. ಆ ವರ್ಷ ಅದನ್ನು 23ಕ್ಕೆ ಏರಿಸಿ, 19 ಮತ್ತು ಅದಕ್ಕಿಂತ ಕಡಿಮೆಯನ್ನು ರೆಸಿಸ್ಟೆಂಟ್ ಎಂದರು. ಅಂದರೆ 18 ಮಿ.ಮೀ. ಜೋನ್ ಹಳೆಯ ಚಾರ್ಟಿನಲ್ಲಿ ಸೆನ್ಸಿಟಿವ್, ಹೊಸದರಲ್ಲಿ ನೇರ ರೆಸಿಸ್ಟೆಂಟ್. ಸ್ವೀಡನ್ನಿನಲ್ಲಿದ್ದ ಭಾರತ ಮೂಲದ ರೋಗಿಯೊಬ್ಬರಲ್ಲಿ ಸಿಕ್ಕ, ಕಾರ್ಬಪೆನಮ್ ಒಡೆಯುವ ಎನ್‌ಡಿಎಂ-1 ಕಿಣ್ವದ ವಿವರ ಪ್ರಕಟವಾದದ್ದು 2009ರಲ್ಲಿ. ಅಂಥ ಕಿಣ್ವ ಇರುವ ತಳಿಯನ್ನೂ ಹಳೆಯ ಚಾರ್ಟ್ ಸೆನ್ಸಿಟಿವ್ ಎಂದು ದಾಟಿಸಿಬಿಡಬಹುದು. 2023ರಲ್ಲಿ ಅಮಿನೋಗ್ಲೈಕೋಸೈಡ್‌ಗಳದ್ದೂ ಬದಲಾಯಿತು: ಈ ಬಳಗಕ್ಕೆ ಜೆಂಟಾಮೈಸಿನ್ ಸೆನ್ಸಿಟಿವ್ ಮಿತಿ 15ರಿಂದ 18ಕ್ಕೆ ಏರಿತು. ಕಂಪ್ಯೂಟರಿನ ತಂತ್ರಾಂಶ ಯಾವ ವರ್ಷದ ಪಟ್ಟಿ ಬಳಸುತ್ತಿದೆ ಎಂದು ತೆರೆದು ನೋಡಿ.

ಟೈಫಾಯ್ಡ್ ತಳಿಗಳಲ್ಲಿ ಇನ್ನೊಂದು ಸಾಮಾನ್ಯ ತಪ್ಪು. ಸಾಲ್ಮೊನೆಲ್ಲಾ ಟೈಫಿಗೆ ಸಿಪ್ರೊಫ್ಲಾಕ್ಸಾಸಿನ್ ಜೋನ್ 27 ಬಂದಿದೆ ಎನ್ನಿ. ಇ. ಕೋಲೈ ಕಾಲಂ ನೋಡಿದರೆ 26 ದಾಟಿದೆ, ಸೆನ್ಸಿಟಿವ್. ಸಾಲ್ಮೊನೆಲ್ಲಾಕ್ಕೆ ಪ್ರತ್ಯೇಕ ಮಿತಿ ಇದೆ: 31 ಮತ್ತು ಮೇಲೆ ಸೆನ್ಸಿಟಿವ್, 21ರಿಂದ 30 ಇಂಟರ್‌ಮೀಡಿಯೆಟ್. ಜೈರೇಸ್ ಜೀನಿನಲ್ಲಿ ಒಂದೇ ಒಂದು ಮ್ಯುಟೇಷನ್ ಇರುವ ತಳಿ ಈ ನಡುವಿನ ಪಟ್ಟೆಯಲ್ಲೇ ಬೀಳುತ್ತದೆ, ಔಷಧಿ ಕೊಟ್ಟರೂ ಜ್ವರ ಇಳಿಯುವುದಿಲ್ಲ. 5 ಮೈಕ್ರೋಗ್ರಾಂ ಪೆಫ್ಲಾಕ್ಸಾಸಿನ್ ಡಿಸ್ಕ್ ಜೊತೆಗಿಡಿ, 23 ಅಥವಾ ಕಡಿಮೆ ಬಂದರೆ ಸಿಪ್ರೊಫ್ಲಾಕ್ಸಾಸಿನ್ ಬೇಡ. ಜೆಂಟಾಮೈಸಿನ್, ಅಮಿಕಾಸಿನ್, ಒಂದನೇ ಮತ್ತು ಎರಡನೇ ತಲೆಮಾರಿನ ಸೆಫಲೋಸ್ಪೋರಿನ್‌ಗಳಿಗೆ ಸಾಲ್ಮೊನೆಲ್ಲಾದಲ್ಲಿ ಎಷ್ಟೇ ದೊಡ್ಡ ಜೋನ್ ಬಂದರೂ ಸೆನ್ಸಿಟಿವ್ ಎಂದು ಬರೆಯಬಾರದು. ಪ್ಲೇಟಿನ ಮೇಲೆ ಕೆಲಸ ಮಾಡಿದರೂ ರೋಗಿಯಲ್ಲಿ ಅವು ಕೆಲಸ ಮಾಡುವುದಿಲ್ಲ.

ಕಾರ್ಬಪೆನಮೇಸ್ ಪರೀಕ್ಷೆ ಹೊಂದಿಕೆಯಾಗದಿದ್ದರೆ

ತಳಿ ಕಾರ್ಬಪೆನಮೇಸ್ ಮಾಡುತ್ತದೆಯೇ ಎಂದು ನೋಡುವ ಎಂಸಿಐಎಂ ಪರೀಕ್ಷೆಯಲ್ಲಿ 2 ಮಿ.ಲೀ. ಟ್ರಿಪ್ಟಿಕ್ ಸೋಯ್ ಬ್ರಾತ್‌ಗೆ ಇ. ಕೋಲೈ ಬಳಗವಾದರೆ 1 ಮೈಕ್ರೋಲೀಟರ್ ಲೂಪಿನಷ್ಟು, ಸ್ಯೂಡೋಮೊನಾಸ್ ಆದರೆ 10 ಮೈಕ್ರೋಲೀಟರ್ ಲೂಪಿನಷ್ಟು ಕಾಲೊನಿ. ಲೂಪ್ ಅದಲುಬದಲಾದರೆ ಸ್ಯೂಡೋಮೊನಾಸ್ ಸುಳ್ಳು ನೆಗೆಟಿವ್ ಬರುತ್ತದೆ. 10ರಿಂದ 15 ಸೆಕೆಂಡ್ ವೋರ್ಟೆಕ್ಸ್, ಮೆರೊಪೆನಮ್ 10 ಮೈಕ್ರೋಗ್ರಾಂ ಡಿಸ್ಕ್ ಪೂರ್ತಿ ಮುಳುಗಬೇಕು, 35 ಡಿಗ್ರಿಯಲ್ಲಿ 4 ಗಂಟೆ, ಹೆಚ್ಚೆಂದರೆ 15 ನಿಮಿಷ ಆಚೀಚೆ. ಡಿಸ್ಕ್ ತೆಗೆಯುವಾಗ ಟ್ಯೂಬಿನ ಅಂಚಿಗೆ ಒತ್ತಿ ದ್ರವ ಇಳಿಸದಿದ್ದರೆ ಪ್ಲೇಟಿನ ಮೇಲೆ ಹರಿದು ಜೋನ್ ಕೆಡುತ್ತದೆ. ಎಟಿಸಿಸಿ 25922 ಹಚ್ಚಿದ ಪ್ಲೇಟಿನಲ್ಲಿ 18ರಿಂದ 24 ಗಂಟೆಯ ನಂತರ 6ರಿಂದ 15 ಮಿ.ಮೀ. ಪಾಸಿಟಿವ್, 19 ಮತ್ತು ಮೇಲೆ ಸ್ವಚ್ಛವಾಗಿದ್ದರೆ ನೆಗೆಟಿವ್. 16ರಿಂದ 18ರ ಜೋನಿನೊಳಗೆ ಸೂಜಿಮೊನೆಯ ಕಾಲೊನಿ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ಪರೀಕ್ಷೆ ಮರಳಿ ಹಾಕಿ. ಅಸಿನೆಟೋಬ್ಯಾಕ್ಟರ್‌ಗೆ ಈ ಪರೀಕ್ಷೆ ಅಲ್ಲ.

ಎನ್‌ಡಿಎಂನಂಥ ಲೋಹಾಧಾರಿತ ಕಿಣ್ವ ಬೇರ್ಪಡಿಸಲು ಇನ್ನೊಂದು ಟ್ಯೂಬಿಗೆ 0.5 ಮೋಲಾರ್ ಇಡಿಟಿಎ 20 ಮೈಕ್ರೋಲೀಟರ್ ಸೇರಿಸುತ್ತೇವೆ. ಅದು ಸತುವನ್ನು ಕಸಿದುಕೊಂಡು ಕಿಣ್ವವನ್ನು ನಿಲ್ಲಿಸಿದರೆ ಜೋನ್ 5 ಮಿ.ಮೀ. ಅಥವಾ ಹೆಚ್ಚು ಅಗಲವಾಗುತ್ತದೆ. ಆದರೆ ಎನ್‌ಡಿಎಂ ಜೊತೆಗೆ ಆಕ್ಸಾ-48 ಮಾದರಿಯದ್ದೂ ಇರುವ ಕ್ಲೆಬ್ಸಿಯೆಲ್ಲಾ ನಮ್ಮ ದೇಶದಲ್ಲಿ ಸಿಗುತ್ತವೆ. ಎನ್‌ಡಿಎಂ ನಿಂತರೂ ಇನ್ನೊಂದು ಮೆರೊಪೆನಮ್ ಒಡೆಯುತ್ತಲೇ ಇರುತ್ತದೆ, ಜೋನ್ ಅಗಲವಾಗದು, ಎನ್‌ಡಿಎಂ ಇಲ್ಲ ಎಂದು ಬರೆದುಬಿಡುತ್ತೇವೆ. ಆ ವರದಿ ನಂಬಿ ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಒಂದನ್ನೇ ಕೊಟ್ಟರೆ ಅದು ಎನ್‌ಡಿಎಂ ಮುಂದೆ ನಿಲ್ಲದು, ಅಜ್ಟ್ರಿಯೋನಾಮ್ ಜೊತೆಗೆ ಬೇಕಾಗುತ್ತದೆ. ಇಡಿಟಿಎ ನೆಗೆಟಿವ್ ಬಂದಾಗ ಸಾಧ್ಯವಿದ್ದಲ್ಲಿ ಪಿಸಿಆರ್ ಅಥವಾ ಲ್ಯಾಟರಲ್ ಫ್ಲೋ ಪಟ್ಟಿಯಿಂದ ಖಚಿತಪಡಿಸಿ.

ಕೊಲಿಸ್ಟಿನ್ ಡಿಸ್ಕ್ ಬಳಸಬೇಡಿ

ಕೊಲಿಸ್ಟಿನ್ ದೊಡ್ಡ, ಧನ ವಿದ್ಯುದಂಶದ ಅಣು, ಅಗಾರಿನಲ್ಲಿ ಸರಿಯಾಗಿ ಹರಡುವುದಿಲ್ಲ. ರೆಸಿಸ್ಟೆಂಟ್, ಸೆನ್ಸಿಟಿವ್ ಎರಡೂ ಬಹುತೇಕ ಒಂದೇ ಅಳತೆಯ ಜೋನ್ ಕೊಡುತ್ತವೆ. ಡಿಸ್ಕ್ ಹೊಸದು, ಮಾಧ್ಯಮ ಸರಿ ಎಂದು ಎಷ್ಟು ತಿದ್ದಿದರೂ ಫಲವಿಲ್ಲ. ಬ್ರಾತ್ ಮೈಕ್ರೋಡೈಲ್ಯೂಷನ್ (ದ್ರವ ಮಾಧ್ಯಮದಲ್ಲಿ ಔಷಧಿಯನ್ನು ಹಂತಹಂತವಾಗಿ ತೆಳುಗೊಳಿಸಿ ನೋಡುವ ಪರೀಕ್ಷೆ) ಮಾಡಿ, ಅದಕ್ಕೆ ಬೇಕಾದದ್ದು ಕೊಲಿಸ್ಟಿನ್ ಸಲ್ಫೇಟ್. ಇಂಜೆಕ್ಷನ್ನಿನ ಮೀಥೇನ್‌ಸಲ್ಫೊನೇಟ್ ದೇಹದಲ್ಲಿ ಬದಲಾದ ಮೇಲೆ ಕೆಲಸ ಮಾಡುವ ರೂಪ, ಪರೀಕ್ಷೆಗೆ ಆಗದು.

ಅಷ್ಟು ಸೌಕರ್ಯವಿಲ್ಲದಿದ್ದರೆ ಡಿಸ್ಕ್ ಎಲ್ಯೂಷನ್ (ಡಿಸ್ಕಿನ ಔಷಧಿಯನ್ನು ದ್ರವಕ್ಕೆ ಇಳಿಸುವ ವಿಧಾನ) ಇದೆ: 10 ಮಿ.ಲೀ. ಕ್ಯಾಟಯಾನ್ ಹೊಂದಿಸಿದ ಬ್ರಾತ್ ಇರುವ ನಾಲ್ಕು ಗಾಜಿನ ಟ್ಯೂಬಿಗೆ 10 ಮೈಕ್ರೋಗ್ರಾಂ ಡಿಸ್ಕುಗಳನ್ನು 0, 1, 2, 4ರಂತೆ ಹಾಕಿ, ಅರ್ಧ ಗಂಟೆ ಬಿಟ್ಟು, 0.5 ಮ್ಯಾಕ್‌ಫಾರ್ಲೆಂಡ್ ಸಸ್ಪೆನ್ಷನ್ 50 ಮೈಕ್ರೋಲೀಟರ್ ಸೇರಿಸಿ, 16ರಿಂದ 20 ಗಂಟೆಯ ನಂತರ ಓದಿ. ಡಿಸ್ಕ್ ಇಲ್ಲದ ಟ್ಯೂಬಿನಲ್ಲಿ ಬೆಳವಣಿಗೆ ಇರಲೇಬೇಕು. ಬೆಳವಣಿಗೆ ಇಲ್ಲದ ಅತಿ ಕಡಿಮೆ ಡಿಸ್ಕಿನ ಟ್ಯೂಬೇ ಎಂಐಸಿ, ಅಂದರೆ ಬೆಳವಣಿಗೆ ತಡೆಯುವ ಕನಿಷ್ಠ ಪ್ರಮಾಣ (ಮಿ.ಲೀ.ಗೆ ಮೈಕ್ರೋಗ್ರಾಂ). 2ರವರೆಗೆ ಇಂಟರ್‌ಮೀಡಿಯೆಟ್, 4 ಮತ್ತು ಮೇಲೆ ರೆಸಿಸ್ಟೆಂಟ್. ಸಿಎಲ್‌ಎಸ್‌ಐ ಈಗ ಸೆನ್ಸಿಟಿವ್ ಎಂಬ ವರ್ಗವನ್ನೇ ಇಟ್ಟಿಲ್ಲ. ಅಸಿನೆಟೋಬ್ಯಾಕ್ಟರ್‌ಗೆ ಈ ಟ್ಯೂಬ್ ವಿಧಾನ ಬೇಡ.

ಕಾರಣ ಸಿಕ್ಕ ಮೇಲೆ

ಕಾರಣ ಸ್ಪಷ್ಟವಾಗಿದ್ದರೆ, ಉದಾಹರಣೆಗೆ ತಪ್ಪು ಡಿಸ್ಕ್ ಅಥವಾ ಬೆರೆತ ತಳಿ, ಸರಿಪಡಿಸಿ ಅದೇ ದಿನ ಕಂಟ್ರೋಲ್ ಮರಳಿ ಹಾಕಿ. ವ್ಯಾಪ್ತಿಯೊಳಗೆ ಬಂದರೆ ಅಲ್ಲಿಗೆ ಸಾಕು. ಸ್ಪಷ್ಟ ಕಾರಣ ಸಿಗದಿದ್ದರೆ ಆ ಔಷಧಿ-ತಳಿ ಜೋಡಿಯನ್ನು ಸತತ 5 ಪರೀಕ್ಷಾ ದಿನ ಹಾಕಿ. ಐದೂ ಒಳಗೆ ಬರುವವರೆಗೆ ಆ ಔಷಧಿಯ ಫಲಿತಾಂಶ ತಡೆಹಿಡಿಯಿರಿ.

ಆಮೇಲೆ ಹಿಂದಕ್ಕೆ ಹೋಗಬೇಕು. ಈ ಔಷಧಿಯ ಕಂಟ್ರೋಲ್ ಕೊನೆಯ ಸಲ ಸರಿ ಬಂದ ದಿನದಿಂದ ಇಂದಿನವರೆಗೆ ಹೊರಟ ವರದಿಗಳನ್ನು ರಿಜಿಸ್ಟರಿನಿಂದ ತೆಗೆಯಿರಿ. ಕಂಟ್ರೋಲ್ ಜೋನ್ ದೊಡ್ಡದಾಗಿ ತಪ್ಪಿದ್ದರೆ ಸೆನ್ಸಿಟಿವ್ ಎಂದು ಹೋದವು ಸಂಶಯದವು, ಚಿಕ್ಕದಾಗಿ ತಪ್ಪಿದ್ದರೆ ರೆಸಿಸ್ಟೆಂಟ್ ಎಂದು ಹೋದವು. ಬ್ರೇಕ್‌ಪಾಯಿಂಟಿನಿಂದ 3 ಮಿ.ಮೀ. ಒಳಗಿನವನ್ನು ಮೊದಲು ಮರುಪರೀಕ್ಷೆಗೆ ಹಾಕಿ. ಅವುಗಳಲ್ಲೂ ರಕ್ತ ಮತ್ತು ಬೆನ್ನುಹುರಿ ದ್ರವದಿಂದ ಬಂದ ತಳಿಗಳೇ ಮುಂದೆ. ಇದಕ್ಕೆಂದೇ ಪ್ರತಿ ತಳಿಯನ್ನು ಕನಿಷ್ಠ ಎರಡು ವಾರ ಇಟ್ಟುಕೊಳ್ಳಬೇಕು. ಸೆನ್ಸಿಟಿವ್ ಎಂದದ್ದು ರೆಸಿಸ್ಟೆಂಟ್ ಆಗಿ ತಿರುಗಿದರೆ ತಿದ್ದಿದ ವರದಿಯನ್ನು ಕಾಗದದಲ್ಲಿ ಕಳಿಸಿ ಸುಮ್ಮನಾಗಬೇಡಿ. ವಾರ್ಡಿಗೆ ಫೋನ್ ಮಾಡಿ, ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೇ ನೇರವಾಗಿ ಹೇಳಿ, ಹೇಳಿದ ಸಮಯ ಮತ್ತು ಕೇಳಿಸಿಕೊಂಡವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದಿಡಿ.